ಮಾದಪ್ಪನ ಧೂಪ, ಮಣಿಮಹೇಶದ ನೀರು

ಬನಶಂಕರಿ ಮೂರನೇ ಹಂತದಲ್ಲಿರುವ ನಮ್ಮ ಅಪಾರ್ಟ್‌ಮೆಂಟಿಗೆ ನಾಲ್ಕು ಮಹಡಿ. ಮೂರು ತಿಂಗಳು ನಾನೂ ನನ್ನ ತಮ್ಮನೂ ದಿನಾ ಬೆಳಗ್ಗೆ ಅದನ್ನು ಹತ್ತಿ ಇಳಿದೆವು. ಬೆನ್ನಿಗೊಂದು ಬ್ಯಾಗು, ಬ್ಯಾಗಿನೊಳಗೆ ಐದು ಕೇಜಿ ಅಕ್ಕಿ. ಅವ್ವ ಬಾಗಿಲಲ್ಲಿ ಕೂತು ಸೊಪ್ಪು ಬಿಡಿಸುತ್ತ ನೋಡುತ್ತಿದ್ದಳು. ಒಂದು ದಿನ ತಡೆಯಲಾರದೆ ಕೇಳಿದಳು: "ಅಕ್ಕಿ ಹೊತ್ಕೊಂಡು ಮ್ಯಾಕೆ ಹೋಯ್ತೀರಿ, ಅದ್ನೇ ಹೊತ್ಕೊಂಡು ಕೆಳಕ್ಕೆ ಬತ್ತೀರಿ. ಅನ್ನನಾದ್ರೂ ಮಾಡ್ಕೊಂಡು ಉಣ್ಬಾರ್ದಾ?"

ನಾವು ಹೊರಟಿದ್ದು ಹಿಮಾಚಲದ ಚಂಬಾ ಜಿಲ್ಲೆಯ ಮಣಿಮಹೇಶ ಸರೋವರಕ್ಕೆ. 4,080 ಮೀಟರ್ ಎತ್ತರ. ಬೆಂಗಳೂರು ಇರುವುದು ಸುಮಾರು 900 ಮೀಟರ್ ಎತ್ತರದಲ್ಲಿ. ನಾಲ್ಕು ಮಹಡಿ ಹತ್ತಿ ಅಷ್ಟೆತ್ತರಕ್ಕೆ ತಯಾರಾಗುತ್ತೇವೆ ಅಂದುಕೊಂಡಿದ್ದೇ ತಮಾಷೆ. ಆದರೂ ವಾರಕ್ಕೊಮ್ಮೆ ನಂದಿ ಬೆಟ್ಟದ ಮೆಟ್ಟಿಲು ಹತ್ತಿದೆವು, ಒಂದು ಸಲ ಸಾವನದುರ್ಗಕ್ಕೂ ಹೋಗಿ ಬಂದೆವು. ತಮ್ಮ ಮ್ಯಾರಥಾನ್ ಓಡುವವನು. ಕೈಯಲ್ಲಿ ಎದೆಬಡಿತ ಎಣಿಸುವ ಗಡಿಯಾರ. ನನಗೆ 48, ಬಲಗಾಲಿನ ಮಂಡಿ ಮೆಟ್ಟಿಲು ಇಳಿಯುವಾಗ ಟಕ್ ಅನ್ನುತ್ತದೆ. ನನ್ನನ್ನು ಅಲ್ಲಿಯವರೆಗೆ ಹೇಗೆ ಕರೆದೊಯ್ಯುವುದು ಅನ್ನುವುದೇ ಮನೆಯಲ್ಲಿ ಎಲ್ಲರ ಚಿಂತೆ.

ಅವ್ವ ಹನೂರಿನ ಕಡೆಯವಳು, ಮಾದಪ್ಪನ ಒಕ್ಕಲು. ಮದುವೆಗೆ ಮುಂಚೆ ಪ್ರತಿ ವರ್ಷ ಶಿವರಾತ್ರಿಗೆ ಪರಸೆ ಹೊರಡುತ್ತಿದ್ದಳಂತೆ. ನಾನು ಚಿಕ್ಕವಳಿದ್ದಾಗ ಒಂದು ಸಲ ನನ್ನನ್ನೂ ತಾಳಬೆಟ್ಟದಿಂದ ನಡೆಸಿದ್ದಳು. ಅವಳ ತಲೆಯ ಮೇಲೆ ಬುತ್ತಿಗಂಟು, ಕಾಲಿಗೆ ಏನೂ ಇಲ್ಲ. ನಾನು ಅಳುತ್ತಾ ಹೋಗಿದ್ದು ಮಾತ್ರ ಚೆನ್ನಾಗಿ ನೆನಪಿದೆ. ದೊಡ್ಡವಳಾದ ಮೇಲೆ "ಬಸ್ಸು ಇರುವಾಗ ಕಾಡಲ್ಲಿ ಬರಿಗಾಲಲ್ಲಿ ನಡೆಯೋದು ಹುಚ್ಚು ಅಲ್ವಾ ಅವ್ವಾ" ಅಂತ ಅಂದಿದ್ದೆ. ಅದೇ ನಾನು ಈಗ ಒಂಬತ್ತು ಸಾವಿರ ಕೊಟ್ಟು ಶೂ ತಂದಿದ್ದೆ. ಅವ್ವ ಅದನ್ನು ಕೈಯಲ್ಲಿ ತೂಗಿ ನೋಡಿ, "ಈ ದುಡ್ಗೆ ಒಂದು ಕುರಿ ಬತ್ತಿತ್ತು" ಅಂದಳು.

ಹೊರಡುವ ಹಿಂದಿನ ರಾತ್ರಿ ಬ್ಯಾಗಿನ ಪಕ್ಕದ ಜೇಬಿಗೆ ಒಂದು ಪೊಟ್ಟಣ ತುರುಕಿದಳು. ಮಾದಪ್ಪನ ಬೆಟ್ಟದಿಂದ ತಂದ ಧೂಪ. "ಅಲ್ಲಿರೋನೂ ನಮ್ಮಪ್ಪನೇ ಕನವ್ವ. ಒಂದು ಚಿಟಿಕೆ ಹಾಕ್ಬುಟ್ಟು, ಒಸಿ ನೀರು ತಕ್ಕೊಂಡು ಬಾ."

ದಿಲ್ಲಿಗೆ ವಿಮಾನ, ಪಠಾಣ್‌ಕೋಟ್‌ಗೆ ರಾತ್ರಿ ರೈಲು, ಅಲ್ಲಿಂದ ಟ್ಯಾಕ್ಸಿ. ಚಂಬಾ ದಾಟಿದ ಮೇಲೆ ರಸ್ತೆ ರಾವಿ ನದಿಯ ಪಕ್ಕದಲ್ಲೇ ಹೋಗುತ್ತದೆ. ಖಡಾಮುಖ್ ಅನ್ನುವಲ್ಲಿ ಬುಧಿಲ್ ನದಿ ಬಂದು ರಾವಿಗೆ ಸೇರುತ್ತದೆ. ಅಲ್ಲಿಂದ ಬುಧಿಲ್ ಕಣಿವೆಯೊಳಗೆ ತಿರುಗಿದರೆ ಭರ್ಮೌರ್. ಸೆಪ್ಟೆಂಬರ್ ಕೊನೆಯಾಗಿತ್ತು. ಕೃಷ್ಣ ಜನ್ಮಾಷ್ಟಮಿಯಿಂದ ರಾಧಾಷ್ಟಮಿಯವರೆಗೆ ನಡೆಯುವ ಯಾತ್ರೆ ಮುಗಿದುಹೋಗಿತ್ತು. ಕಲ್ಲು ಚಪ್ಪಡಿಯ ಮಾಡುಗಳ ಮೇಲೆ ಮೆಕ್ಕೆಜೋಳ ಒಣಗುತ್ತಿತ್ತು. ದೂರದಿಂದ ನೋಡಿದರೆ ಊರಿಗೆ ಊರೇ ಅರಿಶಿನ ಬಳಿದುಕೊಂಡ ಹಾಗೆ.

ಭರ್ಮೌರ್ ಹಳೆಯ ಊರು. ಚಂಬಾ ರಾಜರ ಮೊದಲ ರಾಜಧಾನಿ ಇದೇ. ಚೌರಾಸಿ ಅಂದರೆ 84. ಆ ಹೆಸರಿನ ಅಂಗಳದಲ್ಲಿ ಚಿಕ್ಕದು ದೊಡ್ಡದು ಸೇರಿ ಗುಡಿಗಳ ಗುಂಪೇ ಇದೆ. ಅಲ್ಲಿನ ಕಂಚಿನ ನಂದಿಯ ಮುಂದೆ ನಾನು ತುಂಬಾ ಹೊತ್ತು ನಿಂತೆ. ನಮ್ಮ ಬಸವನಗುಡಿಯ ಬಸವನಂತೆ ಕೂತದ್ದಲ್ಲ, ನಾಲ್ಕೂ ಕಾಲ ಮೇಲೆ ನಿಂತದ್ದು. ಲಕ್ಷಣಾದೇವಿಯ ಮರದ ಗುಡಿ ಏಳನೇ ಶತಮಾನದ್ದು. ಬಾಗಿಲವಾಡದ ಕೆತ್ತನೆ ಮಳೆ, ಹಿಮಕ್ಕೆ ಸವೆದಿದೆ, ಆದರೂ ಗಟ್ಟಿಯಾಗಿದೆ.

ಅಲ್ಲೊಂದು ಪದ್ಧತಿ ಇದೆ. ಮಣಿಮಹೇಶಕ್ಕೆ ಹೋಗುವವರು ಮೊದಲು ಊರ ಮೇಲಿನ ಗುಡ್ಡದಲ್ಲಿರುವ ಭರ್ಮಾಣಿ ದೇವಿಯ ಹತ್ತಿರ ಹೋಗಿ ಅಲ್ಲಿನ ಕೊಳದಲ್ಲಿ ಮೀಯಬೇಕು. ಇಲ್ಲದಿದ್ದರೆ ಯಾತ್ರೆ ಫಲ ಕೊಡುವುದಿಲ್ಲವಂತೆ. ಶಿವ ಈ ದೇವಿಗೇ ಆ ವರ ಕೊಟ್ಟಿದ್ದಾನೆ ಎಂದು ಕಥೆ. ತಮ್ಮ ಬರಲಿಲ್ಲ. "ಸುಮ್ನೆ ಕಾಲು ದಣಿಸೋದ್ಯಾಕೆ ಅಕ್ಕಾ, ನಾಳೆಗೆ ಇಟ್ಕೋತೀನಿ" ಅಂತ ರೂಮಿನಲ್ಲಿ ಲ್ಯಾಪ್‌ಟಾಪ್ ತೆರೆದ. ನಾನೊಬ್ಬಳೇ ಹತ್ತಿ, ತಣ್ಣೀರಲ್ಲಿ ಕಾಲದ್ದಿ, ಸಂಜೆ ಇಳಿದು ಬಂದು ಮಲಗಿದೆ. ಎತ್ತರಕ್ಕೆ ಹೋಗುವವರಿಗೆ ಡಾಕ್ಟರುಗಳು ಹೇಳುವುದೂ ಇದನ್ನೇ ತಾನೇ: ಹಗಲು ಮೇಲೆ ಹತ್ತಿ, ರಾತ್ರಿ ಕೆಳಗೆ ಮಲಗಿ, ಮೈಗೆ ಗಾಳಿ ರೂಢಿಯಾಗಲಿ. ದೇವಿಗೆ ಈ ಉಪಾಯ ಮೊದಲೇ ಗೊತ್ತಿತ್ತು ಅನಿಸಿ ನಗು ಬಂತು.

ನಡಿಗೆ ಶುರುವಾಗುವುದು ಹಡ್ಸರ್‌ನಿಂದ. ಸರೋವರಕ್ಕೆ 13 ಕಿಲೋಮೀಟರ್. ಜೊತೆಗೆ ಅದೇ ಕಣಿವೆಯ ಗದ್ದಿ ಹುಡುಗನೊಬ್ಬ ಗೈಡ್. ಗದ್ದಿಗಳು ಕುರಿ ಕಾಯುವವರು, ಶಿವನ ಒಕ್ಕಲು. ಮೊದಲ ದಿನ ಧಂಛೋವರೆಗೆ ಹೋಗಿ ಟೆಂಟಿನಲ್ಲಿ ಉಳಿದೆವು. ಧಂಛೋ ಹತ್ತಿರ ದೊಡ್ಡ ಜಲಪಾತವಿದೆ. ಭಸ್ಮಾಸುರ ಅಟ್ಟಿಸಿಕೊಂಡು ಬಂದಾಗ ಶಿವ ಅಡಗಿದ್ದು ಇದೇ ನೀರಿನ ಹಿಂದೆಯಂತೆ. ಹುಡುಗ ಈ ಕಥೆ ಶುರುಮಾಡಿದ ಕೂಡಲೇ ನಾನು ತಲೆಯ ಮೇಲೆ ಕೈಯಿಟ್ಟು ಮೋಹಿನಿಯ ಹಾಗೆ ತಿರುಗಿ ತೋರಿಸಿದೆ. ಅವನಿಗೆ ಆಶ್ಚರ್ಯ. ಬೆಂಗಳೂರಿನವರಿಗೂ ಇದು ಗೊತ್ತಾ ಅಂತ!

ಮರುದಿನ ಐದೂವರೆಗೆ ಹೊರಟೆವು. ಮರಗಳು ಹಿಂದೆ ಉಳಿದವು. ಇನ್ನು ಬರೀ ಹುಲ್ಲು, ಬಂಡೆ, ನೀರಿನ ಸದ್ದು. ಸುಂದರಾಸಿಗಿಂತ ಕೊಂಚ ಕೆಳಗೆ ಎದುರಿನಿಂದ ಮಂದೆ ಬಂತು. ಮುನ್ನೂರೋ ನಾನೂರೋ ಕುರಿ, ಮೇಕೆ. ಚಳಿಗಾಲಕ್ಕೆ ತಗ್ಗಿನ ಊರುಗಳಿಗೆ ಇಳಿಯುತ್ತಿದ್ದವು. ದಾರಿ ಬಿಟ್ಟು ಬಂಡೆಗೆ ಒರಗಿ ನಿಂತೆವು. ಮುಂದೆ ಬಂದ ಮುದುಕ ಬಿಳಿ ಉಣ್ಣೆಯ ಚೋಲಾ ತೊಟ್ಟು, ಸೊಂಟಕ್ಕೆ ಕಪ್ಪು ಉಣ್ಣೆ ಹಗ್ಗವನ್ನು ಹತ್ತಾರು ಸುತ್ತು ಸುತ್ತಿಕೊಂಡಿದ್ದ. ಆ ಹಗ್ಗಕ್ಕೆ ಡೋರಾ ಅನ್ನುತ್ತಾರೆ. ಎದೆಯ ಹತ್ತಿರ ಚೋಲಾದ ಮಡಿಕೆಯಿಂದ ಒಂದು ಮರಿ ತಲೆ ಹೊರಗೆ ಹಾಕಿತ್ತು. ಹಿಂದೆ ಬಂದ ನಾಯಿಯ ಕೊರಳಿಗೆ ಮುಳ್ಳಿನ ಕಬ್ಬಿಣದ ಪಟ್ಟಿ, ಚಿರತೆ ಕುತ್ತಿಗೆಗೆ ಬಾಯಿ ಹಾಕದಿರಲಿ ಅಂತ. ಕುರಿಯ ವಾಸನೆ ಮೂಗಿಗೆ ಬಡಿದಾಗ ಹನೂರಿನ ಸಂತೆ ನೆನಪಾಯಿತು. ತಿರುಗಿ ತಮ್ಮನಿಗೆ ಹೇಳಿದೆ. ಅವನು ಮಾತಾಡಲಿಲ್ಲ.

ಆಗಲೇ ನನಗೆ ತಿಳಿಯಬೇಕಿತ್ತು. ಹಿಂದಿನ ದಿನವೆಲ್ಲ ಅವನು ನನಗಿಂತ ಅರ್ಧ ಗಂಟೆ ಮುಂದೆ ಹೋಗಿ ಬಂಡೆ ಮೇಲೆ ಕೂತು ಕಾಯುತ್ತಿದ್ದ. ಈಗ ಹಿಂದೆ ಉಳಿಯುತ್ತಿದ್ದ. ತಲೆ ಸಿಡಿಯುತ್ತಿದೆ ಅಂತ ಒಪ್ಪಿಕೊಂಡಿದ್ದು ಒಂದು ಗಂಟೆಯಾದ ಮೇಲೆ. ಗೌರಿಕುಂಡದ ಹತ್ತಿರ ಬರುವಷ್ಟರಲ್ಲಿ ಎರಡು ಸಲ ವಾಂತಿ. ಗಡಿಯಾರ ಮಾತ್ರ ಕೆಲಸ ಮಾಡುತ್ತಲೇ ಇತ್ತು. ಈ ಎತ್ತರದಲ್ಲಿ ಒಂದು ಉಸಿರಿಗೆ ಸಿಗುವ ಆಮ್ಲಜನಕ ಸಮುದ್ರಮಟ್ಟದಲ್ಲಿ ಸಿಗುವುದರ ಸುಮಾರು ಶೇ. 60 ಅಷ್ಟೇ. ಓಡಿ ಗಟ್ಟಿಯಾದ ಎದೆ ಇದ್ದರೂ ಅದಕ್ಕೆ ಲೆಕ್ಕವಿಲ್ಲ. ಗಟ್ಟಿಯಿದ್ದವರೇ ಬೇಗ ಬೇಗ ಹತ್ತಿ ಸಿಕ್ಕಿಬೀಳುವುದು ಜಾಸ್ತಿ. ಭರ್ಮಾಣಿಗೆ ಬಂದಿದ್ದರೆ ತಪ್ಪುತ್ತಿತ್ತು ಅಂತ ನಾನು ಹೇಳಲ್ಲ. ಇದು ಯಾರನ್ನು ಹಿಡಿಯುತ್ತದೆ, ಯಾರನ್ನು ಬಿಡುತ್ತದೆ ಅಂತ ಮೊದಲೇ ಹೇಳಲು ಬರುವುದಿಲ್ಲ.

ಅವನು "ಹತ್ತು ನಿಮಿಷ ಮಲಗ್ತೀನಿ, ಸರಿಹೋಗತ್ತೆ" ಅಂದ. ಹುಡುಗ ಕೇಳಲೇ ಇಲ್ಲ. "ಮಲಗೋದು ಬೇಡ ದೀದಿ. ಇವರು ಈಗಲೇ ಇಳಿಯಬೇಕು. ಬೇರೆ ಮದ್ದಿಲ್ಲ" ಅಂತ ತಮ್ಮನ ಬ್ಯಾಗು ತಾನೇ ಎತ್ತಿಕೊಂಡ. ನಂತರ ನನ್ನ ಮುಖ ನೋಡಿದ. ಸರೋವರ ಇನ್ನು ಒಂದು ಒಂದೂವರೆ ಕಿಲೋಮೀಟರ್ ಇದ್ದಿರಬೇಕು. ಕುಂಡದ ಪಕ್ಕದಲ್ಲಿ ಚಂಬಾ ಕಡೆಯ ಐದಾರು ಹೆಂಗಸರು ಮಿಂದು ಸೀರೆ, ಸಲ್ವಾರ್ ಹಿಂಡುತ್ತಿದ್ದರು. ಗೌರಿಕುಂಡ ಹೆಂಗಸರು ಮೀಯುವ ಜಾಗ. ಅವರಲ್ಲೊಬ್ಬಾಕೆ "ನಮ್ಮ ಜೊತೆ ಬಾ" ಅಂದರು. ನಿಜ ಹೇಳಬೇಕೆಂದರೆ, ನಾನು ಎರಡು ನಿಮಿಷವೂ ಯೋಚಿಸಲಿಲ್ಲ. ಬೆನ್ನ ಮೇಲೆ ಹೊತ್ತು ಬೆಳೆಸಿದ ತಮ್ಮ. ಅವನು ಹುಡುಗನ ಹೆಗಲಿಗೆ ಕೈ ಹಾಕಿ ತೂರಾಡುತ್ತ ಇಳಿಯುವುದನ್ನು ನೋಡಿ, ತಿರುಗಿ ಮೇಲಕ್ಕೆ ಹೊರಟೆ. ಈ ಮಾತನ್ನು ಅವ್ವನಿಗೆ ಇವತ್ತಿನವರೆಗೂ ಹೇಳಿಲ್ಲ.

ಹೆಂಗಸರಲ್ಲಿ ಇಬ್ಬರು ಬರಿಗಾಲಲ್ಲಿದ್ದರು. ಅರುವತ್ತು ದಾಟಿದವರು. ಹತ್ತು ಹೆಜ್ಜೆ ನಡೆಯುವುದು, ಕೋಲೂರಿ ನಿಲ್ಲುವುದು, "ಭೋಲೇ" ಅನ್ನುವುದು, ಮತ್ತೆ ಹತ್ತು ಹೆಜ್ಜೆ. ನನಗೂ ಅದೇ ಲೆಕ್ಕ ಹೊಂದಿತು. ನಾನು ಮಾತ್ರ ನಿಂತಲ್ಲಿ "ಉಘೇ" ಅಂದೆ. ಬಾಯಿಗೆ ಬಂದಿದ್ದು ಅದೇ.

ಸರೋವರ ಚಿಕ್ಕದು. ಮೊದಲೇ ಹೇಳಿಬಿಡುತ್ತೇನೆ, ಫೋಟೊ ನೋಡಿ ದೊಡ್ಡದು ಅಂದುಕೊಂಡು ಹೋಗಬೇಡಿ. ನಮ್ಮ ಸ್ಯಾಂಕಿ ಕೆರೆಯ ಮುಂದೆ ಏನೂ ಅಲ್ಲ. ಸುತ್ತ ಕಲ್ಲು, ದಡದಲ್ಲಿ ಬಯಲಲ್ಲೇ ನಾಲ್ಕು ಮುಖದ ಅಮೃತಶಿಲೆಯ ಶಿವ, ಸಿಕ್ಕಿಸಿದ ತ್ರಿಶೂಲಗಳು. ಮೇಲೆ ಗುಡಿಯ ಮಾಡಿಲ್ಲ. ಯಾತ್ರೆಯವರು ಬಿಟ್ಟುಹೋದ ಪ್ಲಾಸ್ಟಿಕ್ ಬಾಟಲಿ, ಹರಿದ ಚುನರಿ ಕಲ್ಲುಗಳ ನಡುವೆ ಸಿಕ್ಕಿಕೊಂಡಿದ್ದವು. ಬೈಯಬೇಕು ಅನಿಸಿತು, ಆದರೆ ನಾನು ಬಂದಿದ್ದು ಯಾವ ಊರಿಂದ? ಧರ್ಮಾಂಬುಧಿ ಕೆರೆಯ ಮೇಲೆ ಮೆಜೆಸ್ಟಿಕ್ ಬಸ್ ನಿಲ್ದಾಣ ಕಟ್ಟಿ, ಸಂಪಂಗಿ ಕೆರೆಯಲ್ಲಿ ಸ್ಟೇಡಿಯಂ ಎಬ್ಬಿಸಿದವರ ಊರಿಂದ.

ಎದುರಿಗೆ 5,653 ಮೀಟರಿನ ಮಣಿಮಹೇಶ ಕೈಲಾಸ ಶಿಖರ ಇರಬೇಕಿತ್ತು. ಇದ್ದದ್ದು ಮೋಡ. ಬೆಳಗಿನ ಮೊದಲ ಬಿಸಿಲಿಗೆ ತುದಿಯಲ್ಲಿ ಮಣಿಯಂತೆ ಬೆಳಕು ಹೊಳೆಯುತ್ತದಂತೆ, ಹೆಸರು ಬಂದದ್ದು ಅದರಿಂದ. ಆ ಶಿಖರವನ್ನು ಇನ್ನೂ ಯಾರೂ ಹತ್ತಿಲ್ಲ. 1968ರಲ್ಲಿ ಭಾರತ ಮತ್ತು ಜಪಾನಿನ ತಂಡವೊಂದು ಹೋಗಿ ಅರ್ಧಕ್ಕೇ ವಾಪಸಾಯಿತು. ಅದಕ್ಕೂ ಬಹಳ ಹಿಂದೆ ಗದ್ದಿಯೊಬ್ಬ ತನ್ನ ಮಂದೆಯ ಜೊತೆ ಹತ್ತಲು ಹೋಗಿ ಕಲ್ಲಾದನಂತೆ. ಮೋಡ ಒಂದು ಸಲ ಸರಿದಾಗ ಹೆಂಗಸರು ಕೆಳಗಿನ ಮೊನಚು ಬಂಡೆಗಳನ್ನು ತೋರಿಸಿ "ಅಗೋ ಅವನು, ಅಗೋ ಕುರಿಗಳು" ಅಂದರು. ಶಿಖರದ ಭುಜ ಕಂಡಿತು. ತುದಿ ಕಾಣಲಿಲ್ಲ.

ಧೂಪ ಹಾಕುವುದು ಇಷ್ಟು ಕಷ್ಟ ಅಂತ ಗೊತ್ತಿರಲಿಲ್ಲ. ಗಾಳಿ. ಹನ್ನೊಂದು ಕಡ್ಡಿ ಗೀರಿದೆ. ಎರಡು ಮುರಿದವು, ಉಳಿದವು ಹತ್ತುವ ಮೊದಲೇ ಆರಿದವು. ಬೆರಳು ಮರಗಟ್ಟಿ ಪೊಟ್ಟಣದ ಗಂಟೂ ಬಿಚ್ಚಲಾಗಲಿಲ್ಲ. ಕೊನೆಗೆ ಅಲ್ಲಿ ಉಳಿದಿದ್ದ ಒಂದೇ ಟೆಂಟಿನ ಚಹಾದವನು ಹೊರಗೆ ಬಂದು, ಏನೂ ಕೇಳದೆ, ಡಬ್ಬಿಯ ಮುಚ್ಚಳದ ಮೇಲೆ ನಾಲ್ಕು ಕೆಂಡ ತಂದಿಟ್ಟ. ಗಂಟನ್ನು ಹಲ್ಲಿನಿಂದ ಬಿಚ್ಚಿದೆ. ಹೊಗೆ ನೀರಿನ ಕಡೆ ಹೋಗಲಿಲ್ಲ, ನೇರ ನಮ್ಮ ಮುಖಕ್ಕೇ ಬಂತು. ಎಲ್ಲರೂ ಕೆಮ್ಮಿದೆವು. ಅಷ್ಟರಲ್ಲಿ ಬರಿಗಾಲಿನ ಅಜ್ಜಿ ಎರಡೂ ಕೈಯಲ್ಲಿ ಆ ಹೊಗೆ ಎಳೆದು ಕಣ್ಣಿಗೊತ್ತಿಕೊಂಡು, ಯಾವ ದೇವರದ್ದು ಅಂದರು. "ನಮ್ಮ ಕಡೆಯ ಮಹಾದೇವ. ಹುಲಿ ಮೇಲೆ ಕೂರ್ತಾನೆ" ಅಂದೆ. "ಇಲ್ಲಿ ಹುಲಿ ಇಲ್ಲ, ಚಿರತೆ ಇದೆ" ಅಂದರು.

ಬಾಟಲಿಗೆ ನೀರು ತುಂಬಿಕೊಂಡು ಇಳಿದೆ. ಮಂಡಿ ಟಕ್ ಟಕ್ ಅನ್ನುತ್ತಲೇ ಇತ್ತು. ಸಂಜೆ ಧಂಛೋ ತಲುಪಿದಾಗ ತಮ್ಮ ಟೆಂಟಿನ ಮುಂದೆ ಕೂತು ರಾಜ್ಮಾ ಅನ್ನ ತಿನ್ನುತ್ತಿದ್ದ. ಇಳಿದು ಎರಡು ಗಂಟೆಯಲ್ಲಿ ತಲೆನೋವು ಹೋಯಿತಂತೆ. "ಫೋಟೊ?" ಅಂದ. ಚಳಿಗೆ ಫೋನು ಸತ್ತುಹೋಗಿತ್ತು. ನನ್ನ ತಟ್ಟೆಗೂ ಅವನೇ ಬಡಿಸಿದ. ನಾನು ಬಿಟ್ಟು ಹೋಗಿದ್ದರ ಬಗ್ಗೆ ಏನೂ ಅನ್ನಲಿಲ್ಲ.

ಬೆಂಗಳೂರಿಗೆ ಬಂದ ಮರುದಿನ ಬೆಳಗ್ಗೆ ಎದ್ದು ನೋಡಿದರೆ ಅವ್ವ ಮನೆಯಲ್ಲಿಲ್ಲ, ದೇವರ ಮುಂದಿಟ್ಟ ಬಾಟಲಿಯೂ ಇಲ್ಲ. ಕೆಳಗಿಳಿದೆ. ಗೇಟಿನಲ್ಲಿ ಟ್ಯಾಂಕರ್ ನಿಂತಿತ್ತು, ಸಂಪಿನ ಮುಚ್ಚಳ ತೆಗೆದಿತ್ತು. ಅವ್ವ ಅದರೊಳಗೆ ಬಾಟಲಿಯನ್ನು ಪೂರ್ತಿ ಬಗ್ಗಿಸಿದ್ದಳು.

"ಅವ್ವಾ, ಅಷ್ಟು ದೂರದಿಂದ ತಂದಿದ್ದು!"

"ಒಬ್ರೇ ಮಡಿಕ್ಕೊಂಡು ಏನ್ ಮಾಡಾದು? ಇಪ್ಪತ್ನಾಲ್ಕು ಮನೆಗೂ ಆಗ್ಲಿ ಬುಡು."

ವಾಚ್‌ಮನ್ ಗಾಬರಿಯಿಂದ ಓಡಿ ಬಂದ. "ಏನು ಹಾಕಿದ್ರಿ ಅಜ್ಜಿ ಸಂಪಿಗೆ?"

"ತೀರ್ಥ ಕನಪ್ಪ. ಮೋಟ್ರು ಹಾಕು."