ಮ್ಯಾನರ್‌ಹೈಮ್‌ನ ಮೂರು ಬೊಂಬೆಗಳು: ಕೆಲಸ ಎಲ್ಲಿಗೆ ಬಂತು

ಮೂರು ಬೊಂಬೆಗಳಲ್ಲಿ ಒಂದು ಮುಗಿದಿದೆ. ಎರಡನೆಯದರಲ್ಲಿ ಕುದುರೆಗೆ ಬಣ್ಣ ಆಗಿದೆ, ಸವಾರನಿಗೆ ಇನ್ನೂ ಇಲ್ಲ. ಮೂರನೆಯದು ಸದ್ಯಕ್ಕೆ ಬರೀ ತಾಮ್ರದ ತಂತಿ ಮತ್ತು ಎಂ-ಸೀಲ್ ಮುದ್ದೆ.

ಯಾರ ಬೊಂಬೆ ಅಂತ ಮೊದಲು ಹೇಳಿಬಿಡುತ್ತೇನೆ. ಕಾರ್ಲ್ ಗುಸ್ತಾಫ್ ಎಮಿಲ್ ಮ್ಯಾನರ್‌ಹೈಮ್. ಹುಟ್ಟಿದ್ದು 1867ರಲ್ಲಿ, ಫಿನ್ಲೆಂಡಿನ ಲೌಹಿಸಾರಿ ಎಂಬ ಬಂಗಲೆಯಲ್ಲಿ. ಆಗ ಫಿನ್ಲೆಂಡ್ ರಷ್ಯಾ ಸಾಮ್ರಾಜ್ಯದ ಒಂದು ಭಾಗ. ಮನೆಮಾತು ಸ್ವೀಡಿಷ್. ಆ ಮನೆತನದಲ್ಲಿ ಕೌಂಟ್ ಪದವಿ ಹಿರಿಯ ಮಗನಿಗೆ ಮಾತ್ರ. ಕಿರಿಯರು ಬ್ಯಾರನ್‌ಗಳು. ಇವನು ಬ್ಯಾರನ್. ಫಿನ್ಲೆಂಡಿನವರಿಗೆ ಇವನು ಮಾರ್ಷಲ್, ಆಮೇಲೆ ಅಧ್ಯಕ್ಷ. ನಾನು ತೆಗೆದುಕೊಂಡಿರುವುದು ಅದಕ್ಕೂ ಮುಂಚಿನ ಬದುಕು, 1887ರಿಂದ 1917ರವರೆಗೆ ರಷ್ಯಾದ ಚಕ್ರವರ್ತಿಯ ಸೇನೆಯಲ್ಲಿ ಕಳೆದ ಮೂವತ್ತು ವರ್ಷ. 1918ರ ಫಿನ್ಲೆಂಡಿನ ಅಂತರ್ಯುದ್ಧದ ಬಗ್ಗೆ ಅಲ್ಲಿನ ಜನರಿಗೇ ಇನ್ನೂ ಒಮ್ಮತ ಇಲ್ಲ. ಅದಕ್ಕೆ ನಾನು ಕೈ ಹಾಕುವುದಿಲ್ಲ.

ಅಳತೆ 1:32, ಅಂದರೆ ನಿಜದ ಮೂವತ್ತೆರಡರಲ್ಲಿ ಒಂದು ಪಾಲು. ಈತನ ಎತ್ತರ ಸುಮಾರು 187 ಸೆಂ.ಮೀ., ಅಂದರೆ ಬೊಂಬೆ 58 ಮಿ.ಮೀ. ಇರಬೇಕು. ಶೆಲ್ಫಿನಲ್ಲಿರುವ ನನ್ನ ಬೇರೆ ಸಿಪಾಯಿಗಳೆಲ್ಲ 54ರ ಆಸುಪಾಸು. ಪಕ್ಕದಲ್ಲಿಟ್ಟರೆ ಇವನು ಎದ್ದು ಕಾಣುತ್ತಾನೆ. ಕಾಣಲಿ, ಬದುಕಿದ್ದಾಗಲೂ ಹಾಗೇ ಇದ್ದ ಅಲ್ವಾ.

ಮೊದಲನೆಯದು: 1896, ಮಾಸ್ಕೋ

ಎರಡನೇ ನಿಕೊಲಸ್‌ನ ಪಟ್ಟಾಭಿಷೇಕದ ದಿನ. ಮೆರವಣಿಗೆಯಲ್ಲಿ ಚಕ್ರವರ್ತಿಯ ಮುಂದೆ ಕತ್ತಿ ಹಿರಿದು ನಡೆಯುತ್ತಿರುವ ಮ್ಯಾನರ್‌ಹೈಮ್‌ನ ಫೋಟೋ ಇದೆ. ಚಕ್ರವರ್ತಿಯ ಕಾವಲಿನ ಅಶ್ವದಳವಾದ ಶೆವಲಿಯರ್ ಗಾರ್ಡ್ ರೆಜಿಮೆಂಟಿನ ಸಮವಸ್ತ್ರ. ತಲೆಯ ಮೇಲೆ ಶಿರಸ್ತ್ರಾಣ, ಅದರ ಮೇಲೆ ಎರಡು ತಲೆಯ ಹದ್ದು.

ಇಲ್ಲಿಗೆ ಅವನು ಬಂದ ದಾರಿ ನೇರವಾಗಿರಲಿಲ್ಲ. ಅಪ್ಪ ಸಾಲದಲ್ಲಿ ಮುಳುಗಿ 1880ರಲ್ಲಿ ಮನೆಯವರನ್ನು ಬಿಟ್ಟು ಪ್ಯಾರಿಸ್‌ಗೆ ಹೋದ. ಮರುವರ್ಷ ಅಮ್ಮ ತೀರಿಕೊಂಡಳು. ಹುಡುಗನನ್ನು ಹಮೀನಾದ ಕೆಡೆಟ್ ಶಾಲೆಗೆ ಹಾಕಿದ್ದರು. ಒಂದು ರಾತ್ರಿ ಅಪ್ಪಣೆ ಇಲ್ಲದೆ ಹೊರಗೆ ಉಳಿದ ಅಂತ 1886ರಲ್ಲಿ ಅಲ್ಲಿಂದ ಓಡಿಸಿದರು. ಮರುವರ್ಷ ಸೇಂಟ್ ಪೀಟರ್ಸ್‌ಬರ್ಗ್‌ನ ನಿಕೊಲಸ್ ಅಶ್ವದಳ ಶಾಲೆ ಸೇರಿದ. 1889ರಲ್ಲಿ ಪಾಸಾಗಿ ಮೊದಲು ಹೋಗಿದ್ದು ಜರ್ಮನಿ ಗಡಿಯ ಕಾಲಿಷ್ ಎಂಬ ಊರಿಗೆ. 1891ರಲ್ಲಿ ಶೆವಲಿಯರ್ ಗಾರ್ಡ್ ಸಿಕ್ಕಿತು. ಅಲ್ಲಿ ಸಂಬಳ ನಂಬಿಕೊಂಡು ಬದುಕುವ ಹಾಗಿಲ್ಲ. ಸಮವಸ್ತ್ರ, ಕುದುರೆ, ಊಟದ ಕ್ಲಬ್ಬು, ಎಲ್ಲಕ್ಕೂ ಕೈಯಿಂದ ಸುರಿಯಬೇಕು. 1892ರಲ್ಲಿ ಅವನು ಮದುವೆಯಾದದ್ದು ಆಸ್ತಿಯಿದ್ದ ಅನಸ್ತಾಸಿಯಾ ಅರಪೋವಾಳನ್ನು. ಬರೀ ದುಡ್ಡಿಗಾಗಿ ಆದ ಮದುವೆ ಅಂತ ನಾನು ಹೇಳುವುದಿಲ್ಲ. ಆದರೆ ಹತ್ತು ವರ್ಷದಲ್ಲಿ ಇಬ್ಬರೂ ಬೇರೆಯಾದರು. ಹೆಂಡತಿ ಇಬ್ಬರು ಹೆಣ್ಣುಮಕ್ಕಳನ್ನು ಕರೆದುಕೊಂಡು ಫ್ರಾನ್ಸ್‌ಗೆ ಹೋದಳು.

ಬಣ್ಣದ ವಿಷಯ. ಬಿಳಿ ಅಂಗಿ, ಬಿಳಿ ಚಡ್ಡಿ (ಸವಾರರು ಹಾಕುವ ಬಿಗಿ ಬ್ರೀಚಸ್), ಎದೆಯ ಮೇಲೆ ತೋಳಿಲ್ಲದ ಕೆಂಪು ಕವಚದಂಥ ಬಟ್ಟೆ, ಅದರ ಮೇಲೆ ಸೇಂಟ್ ಆಂಡ್ರ್ಯೂ ನಕ್ಷತ್ರ. ನೋಡುವುದಕ್ಕೆ ಸುಲಭ. ಆದರೆ ಅಲ್ಲಿರುವುದು ಎರಡು ಬೇರೆ ಬೇರೆ ಬಿಳಿ. ಅಂಗಿ ಉಣ್ಣೆಯದು. ಚಡ್ಡಿ ಎಲ್ಕ್ ಎಂಬ ದೊಡ್ಡ ಜಿಂಕೆಯ ಚರ್ಮದ್ದು. ಅದನ್ನು ಒದ್ದೆ ಮಾಡಿ, ಒದ್ದೆ ಇರುವಾಗಲೇ ಕಾಲಿಗೆ ಎಳೆದು ಹಾಕಿಕೊಳ್ಳಬೇಕಿತ್ತು. ಒಬ್ಬರ ಕೈಲಿ ಆಗುವ ಕೆಲಸ ಅಲ್ಲ. ಒಣಗಿದ ಮೇಲೆ ಒಂದು ಸುಕ್ಕೂ ಇರಬಾರದು. ಆ ಅವತಾರದಲ್ಲಿ ಗಂಟೆಗಟ್ಟಲೆ ನಿಲ್ಲಬೇಕು. ಅಂಗಿಗೆ ತೆಳು ಬೂದಿಯಿಂದ ಶುರು ಮಾಡಿ ಮೇಲೆ ತಣ್ಣನೆ ಬಿಳಿ ಕೊಟ್ಟೆ. ಚಡ್ಡಿಗೆ ಕೆನೆ ಬಣ್ಣದ ಬೇಸ್, ಮೇಲೆ ದಂತದ ಬಣ್ಣ. ಮಡಿಕೆಗಳನ್ನು ಸ್ಯಾಂಡ್ ಪೇಪರ್‌ನಲ್ಲಿ ಉಜ್ಜಿ ತೆಗೆದೆ. ಯಾವ ಬೊಂಬೆಗಾದರೂ ಮಡಿಕೆ ಇದ್ದರೇ ಜೀವ ಬರುವುದು. ಇಲ್ಲಿ ಮಾತ್ರ ಮಡಿಕೆ ಇಲ್ಲದಿರುವುದೇ ಸರಿ.

ಮಧ್ಯದಲ್ಲಿ ಓದಿದ್ದು

ಮೊದಲು ಅಂದುಕೊಂಡಿದ್ದು ಮೂರು ಸಮವಸ್ತ್ರ, ಮೂರು ನಿಂತ ಬೊಂಬೆ, ಅಷ್ಟೇ. ಓದುತ್ತಾ ಹೋದ ಹಾಗೆ ಯೋಜನೆ ಬದಲಾಯಿತು. ಈ ಮನುಷ್ಯನ ನೌಕರಿ ಪೂರ್ತಿ ನಿಂತಿರುವುದು ಕುದುರೆ ಮೇಲೆ. ಪಟ್ಟಾಭಿಷೇಕದ ಮರುವರ್ಷ ಅರಮನೆಯ ಲಾಯದಲ್ಲಿ ಕೆಲಸ ಸಿಕ್ಕಿತು. ಯುರೋಪ್ ಸುತ್ತಿ ರಾಜಮನೆತನಕ್ಕೆ ಕುದುರೆ ಖರೀದಿ ಮಾಡುವುದು. 1898ರಲ್ಲಿ ಬರ್ಲಿನ್‌ನಲ್ಲಿ ಒಂದು ಕುದುರೆ ಒದ್ದು ಮೊಣಕಾಲಿನ ಚಿಪ್ಪು ಒಡೆಯಿತು. ತಿಂಗಳುಗಟ್ಟಲೆ ಹಾಸಿಗೆ. 1903ರಲ್ಲಿ ಅಶ್ವದಳ ಅಧಿಕಾರಿಗಳ ಶಾಲೆ. ಅಲ್ಲಿ ಮೇಲಧಿಕಾರಿ ಬ್ರುಸಿಲೊವ್. ಮೊದಲ ಮಹಾಯುದ್ಧದಲ್ಲಿ ಹೆಸರು ಮಾಡಿದ ಅದೇ ಬ್ರುಸಿಲೊವ್. ಜಾತಿ ಕುದುರೆಯನ್ನು ಒಂದು ನೋಟಕ್ಕೆ ಗುರುತಿಸುವ ಕಣ್ಣು ಇಲ್ಲದಿದ್ದರೆ, ಬಡ ಬ್ಯಾರನ್ ಒಬ್ಬ ಆಸ್ಥಾನದ ಅಷ್ಟು ಹತ್ತಿರಕ್ಕೆ ಹೋಗುವುದು ಕಷ್ಟವಿತ್ತು ಅಂತ ನನಗೆ ಅನಿಸುತ್ತದೆ.

ಇನ್ನೊಂದು ವಿಷಯ ನನ್ನನ್ನು ತುಂಬಾ ಕಾಡಿತು. ಅದೇ ಹೊತ್ತಿಗೆ ರಷ್ಯಾ ಫಿನ್ಲೆಂಡಿನ ಹಕ್ಕುಗಳನ್ನು ಒಂದೊಂದಾಗಿ ಕಿತ್ತುಕೊಳ್ಳುತ್ತಿತ್ತು. ಗವರ್ನರ್ ಜನರಲ್ ಬೊಬ್ರಿಕೊವ್ 1903ರಲ್ಲಿ ಇವನ ಅಣ್ಣ ಕಾರ್ಲ್‌ನನ್ನು ಗಡೀಪಾರು ಮಾಡಿದ. ಅಣ್ಣ ಸ್ವೀಡನ್‌ಗೆ ಹೋದ. ಮರುವರ್ಷ ತಮ್ಮ ಅದೇ ಚಕ್ರವರ್ತಿಗಾಗಿ ಜಪಾನ್ ವಿರುದ್ಧ ಹೋರಾಡಲು ತಾನಾಗಿ ಹೆಸರು ಕೊಟ್ಟ! ಮನೆಯವರಿಗೆ ಇದು ಹಿಡಿಸಲಿಲ್ಲ. 52ನೇ ನೆಜಿನ್ ಡ್ರಗೂನ್ ಎಂಬ ಕುದುರೆ ಸವಾರರ ರೆಜಿಮೆಂಟಿನಲ್ಲಿ ಮಂಚೂರಿಯಾಗೆ ಹೋದ, ಮುಕ್ಡೆನ್ ಕದನದ ನಂತರ ಕರ್ನಲ್ ಆದ. ಇದು ನಿಷ್ಠೆಯೋ, ಬಡ್ತಿಯ ಆಸೆಯೋ, ಮುರಿದ ಮದುವೆಯಿಂದ ದೂರ ಓಡುವ ದಾರಿಯೋ? ಮೂರೂ ಸ್ವಲ್ಪ ಸ್ವಲ್ಪ ಇರಬಹುದು. ಬೊಂಬೆಯ ಮುಖದಲ್ಲಿ ಇದನ್ನೆಲ್ಲ ತರುವುದು ಆಗದ ಮಾತು. 58 ಮಿ.ಮೀ.ನಲ್ಲಿ ಮೀಸೆ ನೆಟ್ಟಗೆ ಬಂದರೆ ಅದೇ ಪುಣ್ಯ.

ಎರಡನೆಯದು: 1907, ತಿಯಾನ್‌ಶಾನ್ ಬೆಟ್ಟ

ನನಗೆ ತುಂಬಾ ಇಷ್ಟವಾದ ಬೊಂಬೆ ಇದು. ಯುದ್ಧ ಮುಗಿದ ಮೇಲೆ ಸೇನಾ ಮುಖ್ಯಾಲಯ ಇವನನ್ನು ಗೂಢಚಾರಿಕೆಗೆ ಕಳಿಸಿತು. ಹೊರಗೆ ಹೇಳಿಕೊಳ್ಳಲು ಸಂಶೋಧಕನ ವೇಷ. 1906ರಲ್ಲಿ ರಷ್ಯಾ ಹಿಡಿತದ ಮಧ್ಯ ಏಷ್ಯಾದಿಂದ ಹೊರಟು 1908ರಲ್ಲಿ ಬೀಜಿಂಗ್ ತಲುಪಿದ. ಸುಮಾರು 14,000 ಕಿ.ಮೀ., ಹೆಚ್ಚಿನದೆಲ್ಲ ಕುದುರೆ ಮೇಲೆ. ಶುರುವಿನಲ್ಲಿ ಫ್ರೆಂಚ್ ವಿದ್ವಾಂಸ ಪಾಲ್ ಪೆಲಿಯೊ ತಂಡದ ಜೊತೆಗಿದ್ದ. ಇಬ್ಬರಿಗೂ ಹೊಂದಲಿಲ್ಲ, ಬೇರೆಯಾದರು. ದಾರಿಯುದ್ದಕ್ಕೂ ನಕ್ಷೆ ಬರೆದ, 1,300ಕ್ಕೂ ಹೆಚ್ಚು ಫೋಟೋ ತೆಗೆದ, ಹಳೆಯ ಹಸ್ತಪ್ರತಿ ಕೊಂಡ. ಚೀನಾದ ವೂತಾಯ್ ಬೆಟ್ಟದಲ್ಲಿ 13ನೇ ದಲೈ ಲಾಮಾ ಅವರನ್ನು ಕಂಡು ತನ್ನ ಬ್ರೌನಿಂಗ್ ಪಿಸ್ತೂಲನ್ನೇ ಕಾಣಿಕೆ ಕೊಟ್ಟ. ಧರ್ಮಗುರುಗಳಿಗೆ ಪಿಸ್ತೂಲು! ತಿರುಗಿ ಬಂದ ಮೇಲೆ ಚಕ್ರವರ್ತಿಗೆ ಖುದ್ದಾಗಿ ವರದಿ ಒಪ್ಪಿಸಿದ.

ಈ ಪ್ರಯಾಣದ ಕುದುರೆಯ ಹೆಸರು ಫಿಲಿಪ್. ನಾನು ಆರಿಸಿಕೊಂಡದ್ದು ಮುಜಾರ್ಟ್ ಹಿಮನದಿ ದಾಟುವ ಗಳಿಗೆ. ಕುದುರೆಯನ್ನು ಹಂಗೇ ನಿಲ್ಲಿಸಿದರೆ ಅದು ಮೆರವಣಿಗೆ ಕುದುರೆ ಆಗಿಬಿಡುತ್ತದೆ. ಮಂಜುಗಡ್ಡೆಯ ಮೇಲೆ ಹೆಜ್ಜೆ ಇಡುವ ಕುದುರೆ ಕತ್ತು ತಗ್ಗಿಸಿ, ಮುಂಗಾಲು ಊರುವ ಮುನ್ನ ನೆಲ ನೋಡಿಕೊಳ್ಳುತ್ತದೆ. ಇದನ್ನು ಅರ್ಥ ಮಾಡಿಕೊಳ್ಳಲು ದಸರಾ ಹೊತ್ತಿನಲ್ಲಿ ಮೈಸೂರಿಗೆ ಹೋಗಿ ಅಶ್ವಾರೋಹಿ ಪೊಲೀಸರ ತಾಲೀಮು ನೋಡಿದೆ. ಅಲ್ಲಿ ಒಬ್ಬ ಸವಾರರನ್ನು ಕೇಳಿದೆ. "ಸಾರ್, ಜಾರೋ ಕಡೆ ನಾವು ಲಗಾಮು ಸಡಿಲ ಬಿಡ್ತೀವಿ. ದಾರಿ ಅದಕ್ಕೇ ಗೊತ್ತಿರತ್ತೆ" ಅಂದರು. ಮನೆಗೆ ಬಂದು ಬಿಗಿಯಾಗಿದ್ದ ಲಗಾಮಿನ ತಂತಿ ಕತ್ತರಿಸಿ, ಜೋತುಬೀಳುವ ಹಾಗೆ ಹೊಸದು ಅಂಟಿಸಿದೆ. ಅಷ್ಟಕ್ಕೇ ಇಡೀ ಬೊಂಬೆಯ ಭಂಗಿ ಬೇರೆಯಾಯಿತು.

ನೋಡಿದ ಫೋಟೋಗಳೆಲ್ಲ ಕಪ್ಪು ಬಿಳುಪು. ಮೈಬಣ್ಣ ನನ್ನ ಆಯ್ಕೆ. ಮಾಸಲು ಕಂದು, ಕಾಲಿನ ಕಡೆ ಗಾಢ, ಚಳಿಗಾಲದ ಒರಟು ರೋಮ. ಒಣ ಬ್ರಷ್ಷಿನಲ್ಲಿ ಸುಮ್ನೆ ಮೇಲೆಮೇಲೆ ಸವರಿದರೆ ರೋಮದ ಹಾಗೆ ಕಾಣುತ್ತದೆ. ಜೀನು, ರಿಕಾಬು, ಗೊರಸು ಮುಗಿದಿವೆ. ಮಂಜುಗಡ್ಡೆಗೆ ಪ್ಲಾಸ್ಟರ್ ಆಫ್ ಪ್ಯಾರಿಸ್, ತೆಳು ನೀಲಿ, ಮೇಲೆ ಫೆವಿಕಾಲ್ ಪದರ. ಫೆವಿಕಾಲ್ ಒಣಗಲು ಬೆಂಗಳೂರಿನ ಮಳೆ ಬಿಡುತ್ತಿಲ್ಲ.

ಮೂರನೆಯದು: 1917, ಒಡೆಸ್ಸಾ

ನಡುವಿನ ವರ್ಷಗಳನ್ನು ಬೇಗ ಹೇಳುತ್ತೇನೆ. ಪೋಲೆಂಡಿನಲ್ಲಿ ರೆಜಿಮೆಂಟ್, ಜನರಲ್ ಪದವಿ, 1914ರಲ್ಲಿ ಸೇಂಟ್ ಜಾರ್ಜ್ ಶಿಲುಬೆ, 1915ರಿಂದ 12ನೇ ಅಶ್ವದಳ ಡಿವಿಜನ್. 1917ರ ಕ್ರಾಂತಿ ಶುರುವಾದಾಗ ಪೆಟ್ರೊಗ್ರಾಡ್‌ನಲ್ಲೇ ಇದ್ದು ಹೇಗೋ ತಪ್ಪಿಸಿಕೊಂಡ. ಬೇಸಿಗೆಯಲ್ಲಿ ಲೆಫ್ಟಿನೆಂಟ್ ಜನರಲ್ ಆಗಿ ಒಂದು ಕೋರ್ (ಹಲವು ಡಿವಿಜನ್ ಸೇರಿದ ಪಡೆ) ಕೈಗೆ ಬಂತು. ಸೆಪ್ಟೆಂಬರಿನಲ್ಲಿ ಕುದುರೆಯಿಂದ ಬಿದ್ದು ಪಾದದ ಕೀಲು ಉಳುಕಿತು. ಚಿಕಿತ್ಸೆಗೆ ಒಡೆಸ್ಸಾಗೆ ಹೋದ. ಆ ಹೊತ್ತಿಗೇ ಹುದ್ದೆಯಿಂದ ತೆಗೆದರು. ಡಿಸೆಂಬರಿನಲ್ಲಿ ಫಿನ್ಲೆಂಡಿಗೆ ವಾಪಸ್.

ಆದ್ದರಿಂದ ಮೂರನೆಯ ಬೊಂಬೆಗೆ ಕುದುರೆ ಇಲ್ಲ. ಕೋಲು ಹಿಡಿದ ಐವತ್ತರ ಜನರಲ್, ಒಂದು ಕಾಲಿಗೆ ಭಾರ ಕಡಿಮೆ. ತಂತಿಯಲ್ಲೇ ಸೊಂಟ ಸ್ವಲ್ಪ ವಾರೆ ಮಾಡಿದ್ದೇನೆ. ಸಮವಸ್ತ್ರ ಹಸಿರು ಮಿಶ್ರಿತ ಖಾಕಿ, ಮೊದಲ ಬೊಂಬೆಯ ಥಳುಕು ಯಾವುದೂ ಇಲ್ಲ. ಎದೆಯ ಮೇಲೆ ಪುಟ್ಟ ಬಿಳಿ ಶಿಲುಬೆ ಮಾತ್ರ. ಅದರ ಪಟ್ಟಿಯಲ್ಲಿ ಮೂರು ಕಪ್ಪು, ಎರಡು ಕಿತ್ತಳೆ ಗೆರೆ. ಈ ಅಳತೆಯಲ್ಲಿ ಪಟ್ಟಿಯ ಅಗಲ ಒಂದು ಮಿ.ಮೀ. ಅಷ್ಟೇ. ಮೊದಲು ಇಡೀ ಪಟ್ಟಿಗೆ ಕಿತ್ತಳೆ ಹಚ್ಚಿ, ಮೂರು ಸೊನ್ನೆಯ (ತೀರಾ ಸಣ್ಣ) ಬ್ರಷ್ಷಿನಲ್ಲಿ ಕಪ್ಪು ಎಳೆಯುವ ಯೋಚನೆ. ಬಣ್ಣಕ್ಕೆ ನೀರಿನ ಬದಲು ರಿಟಾರ್ಡರ್ (ಬಣ್ಣ ಬೇಗ ಒಣಗದಂತೆ ತಡೆಯುವ ದ್ರವ) ಹಾಕಿದರೆ ಗೆರೆ ಮಧ್ಯೆ ಕಡಿಯುವುದಿಲ್ಲ ಅಂತ ಕೇಳಿದ್ದೇನೆ. ಯಾರಾದರೂ ಹಾಗೆ ಮಾಡಿದ್ದರೆ ಎಷ್ಟು ಹನಿ ಅಂತ ತಿಳಿಸಿ. ಅದಕ್ಕೂ ಮುಂಚೆ ಎಂ-ಸೀಲ್‌ನಲ್ಲಿ ಬೂಟು ಮತ್ತು ಕೋಟಿನ ಅಂಚು ಕೂರಿಸಬೇಕು.