ರಿಸೆಪ್ಷನ್ ಸಾಲಿಗೆ ಯಾವ ಫ್ಲಾಶ್?

ಮದುವೆ ಸೀಸನ್ ಹತ್ತಿರ ಬಂತೆಂದರೆ ನನಗೆ ಬರುವ ಮೆಸೇಜ್‌ಗಳಲ್ಲಿ ಅರ್ಧ ಇದೇ. "ಅಕ್ಕಾ, ಹೊಸ ಫ್ಲಾಶ್ ತಗೋಬೇಕು. ಕ್ಯಾಮೆರಾ ಕಂಪನಿದೇ ದೊಡ್ಡದು ತಗೊಳ್ಳಲಾ, ಇಲ್ಲ ಮಧ್ಯದ್ದು ಸಾಕಾ?" ಒಬ್ಬೊಬ್ಬರಿಗೇ ಉತ್ತರ ಬರೆದು ಸಾಕಾಗಿದೆ. ಇನ್ನು ಮೇಲೆ ಕೇಳಿದವರಿಗೆಲ್ಲ ಇದರ ಲಿಂಕ್ ಕಳಿಸುತ್ತೇನೆ.

ನಾನು ಶಿವಮೊಗ್ಗದಲ್ಲಿ ಮದುವೆ, ನಾಮಕರಣ, ಗೃಹಪ್ರವೇಶ ತೆಗೆಯುವವಳು. ಕ್ಯಾಮೆರಾ ನಿಕಾನ್ ಡಿ750. ಹಾಗಾಗಿ ಲೆಕ್ಕವೆಲ್ಲ ನಿಕಾನ್ ಕಡೆಯಿಂದ. ಕ್ಯಾನನ್ ಇಟ್ಟುಕೊಂಡವರು ಮಾಡೆಲ್ ಹೆಸರು ಬದಲಿಸಿಕೊಂಡು ಓದಿ, ಕಥೆ ಹೆಚ್ಚು ಕಮ್ಮಿ ಅದೇ.

ದೊಡ್ಡ ಫ್ಲಾಶ್ ಅಂದರೆ ಜಾಸ್ತಿ ಬೆಳಕು ಅಂತ ಎಲ್ಲರೂ ಅಂದುಕೊಂಡಿರುತ್ತಾರೆ. ಜಾಸ್ತಿ ನಿಜ. ಆದರೆ ಎಷ್ಟು ಜಾಸ್ತಿ? ನಿಕಾನ್‌ನ ಮಧ್ಯದ ಫ್ಲಾಶ್ ಎಸ್‌ಬಿ-700ರ ಗೈಡ್ ನಂಬರ್, ಅಂದರೆ ಫ್ಲಾಶಿನ ಶಕ್ತಿಯ ಅಳತೆ, 28. 2016ರಲ್ಲಿ ಬಂದ ದೊಡ್ಡದು ಎಸ್‌ಬಿ-5000ದ್ದು 34.5. ಎರಡೂ ಐಎಸ್‌ಒ (ಕ್ಯಾಮೆರಾ ಬೆಳಕಿಗೆ ಎಷ್ಟು ಸೂಕ್ಷ್ಮ ಅನ್ನುವ ಅಳತೆ) 100, ಫ್ಲಾಶ್ ಹೆಡ್ 35 ಎಂಎಂ ಝೂಮ್, ಮೀಟರ್ ಲೆಕ್ಕ. ಗೈಡ್ ನಂಬರನ್ನು ಅಪರ್ಚರ್‌ನಿಂದ (ಲೆನ್ಸ್ ಎಷ್ಟು ತೆರೆದಿದೆ ಅನ್ನುವ ಎಫ್ ನಂಬರ್) ಭಾಗಿಸಿದರೆ ಬೆಳಕು ಎಷ್ಟು ದೂರ ಮುಟ್ಟುತ್ತದೆ ಅಂತ ಗೊತ್ತಾಗುತ್ತದೆ. ಐಎಸ್‌ಒ 400 ಮಾಡಿದರೆ ನಂಬರ್ ಎರಡರಷ್ಟಾಗಿ 56 ಮತ್ತು 69 ಆಗುತ್ತದೆ. ಎಫ್8 ಇಟ್ಟು ಗ್ರೂಪ್ ಫೋಟೋ ತೆಗೆಯುತ್ತೀರಿ ಅಂದುಕೊಳ್ಳಿ. ಚಿಕ್ಕದು 7 ಮೀಟರ್ ಮುಟ್ಟುತ್ತದೆ, ದೊಡ್ಡದು ಎಂಟೂವರೆ ಮೀಟರ್ ದಾಟುತ್ತದೆ. ಅಷ್ಟೇ. ಒಂದು ಸ್ಟಾಪ್ (ಬೆಳಕು ಎರಡರಷ್ಟಾಗುವ ಒಂದು ಹೆಜ್ಜೆ) ಕೂಡ ಇಲ್ಲ, ಅರ್ಧಕ್ಕಿಂತ ಚೂರು ಜಾಸ್ತಿ. ಚಿಕ್ಕ ಫ್ಲಾಶ್ ಇಟ್ಟುಕೊಂಡವರು ಐಎಸ್‌ಒ 640ಕ್ಕೆ ಏರಿಸಿದರೆ ದೊಡ್ಡದರ ಲೆವೆಲ್ಲಿಗೆ ಬಂದಾಯಿತು. 400ಕ್ಕೂ 640ಕ್ಕೂ ವ್ಯತ್ಯಾಸ ಹೇಳುವ ಮದುಮಗಳನ್ನು ನಾನಿನ್ನೂ ನೋಡಿಲ್ಲ.

ಡಬ್ಬದ ಮೇಲೆ ಬರೆದ ನಂಬರ್ ನೋಡಿ ಮರುಳಾಗಬೇಡಿ. ಗೊಡಾಕ್ಸ್ ಅನ್ನುವ ಬೇರೆ ಕಂಪನಿಯ ಫ್ಲಾಶ್ ವಿ860-3ಕ್ಕೆ 60 ಅಂತ ಹಾಕಿರುತ್ತಾರೆ. ಅದು ಫ್ಲಾಶ್ ಹೆಡ್ 200 ಎಂಎಂಗೆ ಝೂಮ್ ಆದಾಗ. ಬೆಳಕನ್ನು ಸಣ್ಣ ಜಾಗಕ್ಕೆ ಒತ್ತಿ ಕಳಿಸಿದರೆ ನಂಬರ್ ಏರಲೇಬೇಕಲ್ವಾ? ಎಸ್‌ಬಿ-5000ವನ್ನೂ 200 ಎಂಎಂಗೆ ಇಟ್ಟರೆ 55 ಆಗುತ್ತದೆ. ಯಾವ ಝೂಮ್‌ನಲ್ಲಿ ಅಳೆದದ್ದು ಅಂತ ನೋಡದೆ ಎರಡು ಫ್ಲಾಶ್ ಹೋಲಿಸುವುದರಲ್ಲಿ ಅರ್ಥವಿಲ್ಲ.

ಫಿಲ್ಮ್ ಕಾಲದಲ್ಲಿ ಆ ಅರ್ಧ ಸ್ಟಾಪಿಗೂ ಬೆಲೆ ಇತ್ತು. 100 ಅಥವಾ 200ರ ರೋಲ್ ಹಾಕಿದ ಮೇಲೆ ಮುಗೀತು, ಮಧ್ಯದಲ್ಲಿ ಏರಿಸೋಕೆ ಬರುತ್ತಿರಲಿಲ್ಲ. ಈಗ ಆ ಕೆಲಸವನ್ನು ಕ್ಯಾಮೆರಾವೇ ಮಾಡುತ್ತದೆ. ಪವರ್‌ಗೋಸ್ಕರ ದೊಡ್ಡ ಫ್ಲಾಶ್ ತಗೋಬೇಕು ಅನ್ನುವ ಮಾತು ಆ ಕಾಲದ್ದು.

ಹಾಗಾದರೆ ದುಡ್ಡು ಯಾತಕ್ಕೆ? ತಡೆದುಕೊಳ್ಳುವ ಶಕ್ತಿಗೆ. ಅದನ್ನು ನೋಡಬೇಕಾದರೆ ರಿಸೆಪ್ಷನ್ ಸ್ಟೇಜ್ ಹತ್ತಿರ ಬನ್ನಿ.

ಸಂಜೆ ಏಳಕ್ಕೆ ಸಾಲು ಶುರುವಾದರೆ ಹತ್ತರವರೆಗೂ ಬಿಡುವಿಲ್ಲ. ಒಂದು ಕುಟುಂಬ ಹತ್ತುತ್ತದೆ, ಕವರ್ ಕೊಡುತ್ತದೆ, ನಿಲ್ಲುತ್ತದೆ, ಎರಡು ಕ್ಲಿಕ್, ಇಳಿಯುತ್ತದೆ. ಅಷ್ಟರಲ್ಲಿ ಆ ಕಡೆಯಿಂದ ಮುಂದಿನವರು ಹತ್ತಿರುತ್ತಾರೆ. ಯಾರೋ ಕಣ್ಣು ಮುಚ್ಚಿರುತ್ತಾರೆ ಅಂತ ಎರಡನೇ ಕ್ಲಿಕ್ ಬೇಕೇ ಬೇಕು. ಫುಲ್ ಪವರ್ ಹೊಡೆದ ಮೇಲೆ ಮತ್ತೆ ತುಂಬಿಕೊಳ್ಳಲು ಎಸ್‌ಬಿ-700ಕ್ಕೆ ಎರಡೂವರೆ ಸೆಕೆಂಡ್ ಬೇಕು, ಅದೂ ಒಳ್ಳೆ ರೀಚಾರ್ಜ್ ಸೆಲ್ ಹಾಕಿ, ಪೂರ್ತಿ ಚಾರ್ಜ್ ಇದ್ದಾಗ. ಎಸ್‌ಬಿ-5000ಕ್ಕೆ ಎರಡು ಸೆಕೆಂಡೂ ಬೇಡ. ಕಾಗದದ ಮೇಲೆ ಇದು ಸಣ್ಣ ಅಂತರ. ಆದರೆ ಸೆಲ್ ಇಳಿಯುತ್ತಾ ಬಂದ ಹಾಗೆ ಈ ಸಮಯ ಉದ್ದವಾಗುತ್ತಾ ಹೋಗುತ್ತದೆ. ಊಟದ ಎಲೆ ಹಾಕುವ ಹೊತ್ತಿಗೆ ನಾಲ್ಕೈದು ಸೆಕೆಂಡ್ ಕಾಯಬೇಕಾಗುತ್ತದೆ. ಕಾಯದೆ ಒತ್ತಿದರೆ ಅರ್ಧ ತುಂಬಿದ ಫ್ಲಾಶ್ ಹೊಡೆಯುತ್ತದೆ, ಫೋಟೋ ಕಪ್ಪು. ಆ ಕಪ್ಪು ಫೋಟೋದಲ್ಲಿ ಇರುವವರು ಯಾವಾಗಲೂ ಹುಡುಗನ ಸೋದರಮಾವನೇ ಆಗಿರುತ್ತಾರೆ. ಇದು ಹೇಗೆ ಅಂತ ನನಗೆ ಇವತ್ತಿಗೂ ಅರ್ಥವಾಗಿಲ್ಲ.

ಇನ್ನೊಂದು ಬಿಸಿ. ಫ್ಲಾಶ್ ಟ್ಯೂಬ್, ಮುಂದಿನ ಪ್ಲಾಸ್ಟಿಕ್, ಸೆಲ್ ಎಲ್ಲ ಸೇರಿ ಕಾಯುತ್ತವೆ. ಒಂದು ಹಂತ ದಾಟಿದರೆ ಫ್ಲಾಶ್ ತನ್ನನ್ನು ತಾನು ಉಳಿಸಿಕೊಳ್ಳಲು ನಿಧಾನವಾಗುತ್ತದೆ, ಕೆಲವು ಪೂರ್ತಿ ನಿಲ್ಲುತ್ತವೆ. ಎಸ್‌ಬಿ-5000ದ ಒಳಗೆ ತಂಪು ಮಾಡಲು ಫ್ಯಾನ್ ಇದೆ. ಕಂಪನಿಯ ದೊಡ್ಡ ಫ್ಲಾಶಿನಲ್ಲಿ ನನಗೆ ನಿಜವಾಗಿ ಆಸೆ ಹುಟ್ಟಿಸಿದ್ದು ಅದೊಂದೇ.

ಆದರೆ ಈ ಎರಡೂ ಸಮಸ್ಯೆ ಬರುವುದು ಫುಲ್ ಪವರ್ ಹೊಡೆದಾಗ. ಐಎಸ್‌ಒ 200ರಲ್ಲಿ ಫುಲ್ ಪವರ್ ಕೊಡುವ ಬೆಳಕನ್ನೇ 1600ರಲ್ಲಿ ಎಂಟನೇ ಒಂದು ಭಾಗ ಪವರ್ ಕೊಡುತ್ತದೆ. ನಾನು ಛತ್ರದೊಳಗೆ 1600ಕ್ಕಿಂತ ಕೆಳಗೆ ಇಳಿಯುವುದೇ ಕಮ್ಮಿ. ಎಂಟನೇ ಒಂದು ಭಾಗಕ್ಕೆ ಇಟ್ಟರೆ ಯಾವ ಫ್ಲಾಶ್ ಆದರೂ ಒತ್ತಿದ ತಕ್ಷಣ ರೆಡಿ. ಬಿಸಿಯೂ ಆಗದು, ಸೆಲ್ಲೂ ಬೇಗ ಸಾಯದು. ಗಟ್ಟಿಮೇಳ ಶುರುವಾಗಿ, ಅಕ್ಷತೆ ಹಾರಿ, ಮೂರು ಗಂಟು ಬೀಳುವ ಆ ಕೆಲವೇ ಸೆಕೆಂಡಿನಲ್ಲಿ ಸಾಲಾಗಿ ಆರೇಳು ಫೋಟೋ ಸಿಗಬೇಕು. ಅಲ್ಲಿ ಫುಲ್ ಪವರ್ ಮೇಲೆ ನಂಬಿಕೆ ಇಟ್ಟರೆ ದೊಡ್ಡ ಫ್ಲಾಶೂ ಕೈ ಕೊಡುತ್ತದೆ.

ಹಾಗಂತ ಎಲ್ಲ ಕಡೆ ಇದು ನಡೆಯುವುದಿಲ್ಲ. ಬಿಳಿ ಸೀಲಿಂಗ್ ಇರುವ ಛತ್ರದಲ್ಲಿ ಮೇಲಕ್ಕೆ ಬೌನ್ಸ್ ಮಾಡಿದರೆ ಆರಾಮ. ಗಿಳಿಹಸಿರು ಗೋಡೆ ಇದ್ದರೆ ಗೋಡೆ ಕಡೆ ತಿರುಗಿಸಬೇಡಿ, ಮದುಮಗನ ಅರ್ಧ ಮುಖ ಹಸಿರಾಗುತ್ತದೆ. ತೀರ್ಥಹಳ್ಳಿ, ಹೊಸನಗರ ಕಡೆ ಮನೆ ಮದುವೆ ಸಿಕ್ಕಿದರೆ ಇನ್ನೂ ಬೇರೆ. ಒಳಗೆ ಹೊಗೆ ಹಿಡಿದ ಮರದ ಮುಚ್ಚಿಗೆ, ಹೊರಗೆ ಅಡಿಕೆ ಸೋಗೆಯ ಚಪ್ಪರ. ಬೆಳಕು ಮೇಲೆ ಹೋಯಿತೆಂದರೆ ವಾಪಸ್ ಬರುವುದಿಲ್ಲ, ಗಟ್ಟಿ ಗಿರಾಕಿಗೆ ಕೊಟ್ಟ ಸಾಲದ ಹಾಗೆ. ಮುಚ್ಚಿಗೆಗೆ ಫುಲ್ ಪವರ್ ಹೊಡೆದು ಒದ್ದಾಡುವವರು ಇನ್ನೂ ದೊಡ್ಡ ಫ್ಲಾಶ್ ಬೇಕು ಅಂದುಕೊಳ್ಳುತ್ತಾರೆ. ಅಲ್ಲಿ ಬೇಕಾದದ್ದು ಕ್ಯಾಮೆರಾದಿಂದ ದೂರ, ಸ್ಟ್ಯಾಂಡ್ ಮೇಲೆ, ಬಿಳಿ ಅಂಬ್ರೆಲಾ ಹಿಂದೆ ಇನ್ನೊಂದು ಫ್ಲಾಶ್.

ಅದಕ್ಕೇ ನನ್ನ ಉತ್ತರ: ಒಂದು ದೊಡ್ಡದರ ಬದಲು ಎರಡು ಮಧ್ಯದ್ದು, ಜೊತೆಗೊಂದು ಟ್ರಿಗರ್, ಅಂದರೆ ದೂರದ ಫ್ಲಾಶನ್ನು ಕ್ಯಾಮೆರಾದಿಂದ ಹೊಡೆಸುವ ರೇಡಿಯೋ ಡಬ್ಬಿ. ನನ್ನ ಬ್ಯಾಗಿನಲ್ಲಿ ಈಗ ಇರುವುದು ಎರಡು ವಿ860-3. ಲಿಥಿಯಂ ಬ್ಯಾಟರಿ, ಫುಲ್ ಪವರ್‌ನಲ್ಲೂ ಒಂದೂವರೆ ಸೆಕೆಂಡಿಗೆ ರೆಡಿ, ಒಂದು ಚಾರ್ಜಿಗೆ 480 ಫುಲ್ ಫ್ಲಾಶ್ ಅಂತ ಕಂಪನಿ ಲೆಕ್ಕ. ನಾನು ಕಮ್ಮಿ ಪವರ್‌ನಲ್ಲಿ ಓಡಿಸುವುದರಿಂದ ಒಂದೇ ಬ್ಯಾಟರಿಯಲ್ಲಿ ರಿಸೆಪ್ಷನ್ ಮುಗಿಯುತ್ತದೆ. ಕಂಪನಿಯ ಒಂದು ದೊಡ್ಡ ಫ್ಲಾಶಿನ ದುಡ್ಡಿಗೆ ಎರಡೂ ಬಂದು ಟ್ರಿಗರ್‌ಗೂ ಆಗುತ್ತದೆ. ಎರಡರಲ್ಲಿ ಒಂದು ಕೆಟ್ಟರೂ ಮದುವೆ ನಿಲ್ಲುವುದಿಲ್ಲ. ಮದುವೆ ಕೆಲಸದಲ್ಲಿ ಇದಕ್ಕಿಂತ ದೊಡ್ಡ ಫೀಚರ್ ಇನ್ನೊಂದಿಲ್ಲ, ಸುಮ್ನೆ ಹೇಳುತ್ತಿಲ್ಲ.

ಸ್ಟೇಜ್ ಮೇಲೆ ನಾನು ಟಿಟಿಎಲ್ (ಕ್ಯಾಮೆರಾವೇ ಬೆಳಕು ಅಳೆದು ಫ್ಲಾಶ್ ಪವರ್ ಹೊಂದಿಸುವುದು) ಬಳಸುವುದಿಲ್ಲ. ಹಿಂದೆ ಎಲ್‌ಇಡಿ ವಾಲ್, ಮುಂದೆ ಜರಿ ಸೀರೆ, ಪಕ್ಕದಲ್ಲಿ ಬಿಳಿ ಪಂಚೆ. ಒಂದು ಫೋಟೋ ಬೆಳ್ಳಗೆ, ಮುಂದಿನದು ಕಪ್ಪಗೆ ಬರುತ್ತದೆ. ನಿಲ್ಲುವ ಜಾಗ ಅದೇ, ದೂರ ಅದೇ. ಮ್ಯಾನ್ಯುಯಲ್ ಇಟ್ಟು ಮರೆತುಬಿಡಿ. ದುಬಾರಿ ಫ್ಲಾಶಿನ ಟಿಟಿಎಲ್ ಜಾಣತನಕ್ಕೆ ಕೊಟ್ಟ ದುಡ್ಡು ಇಲ್ಲಿ ಕೆಲಸಕ್ಕೇ ಬರುವುದಿಲ್ಲ.

ಎಸ್‌ಬಿ-5000ದ ದೊಡ್ಡ ಹೆಗ್ಗಳಿಕೆ ರೇಡಿಯೋ ಕಂಟ್ರೋಲ್. ಅದಕ್ಕೆ ಡಬ್ಲ್ಯುಆರ್-ಆರ್10 ಅನ್ನುವ ಸಣ್ಣ ಡಬ್ಬಿ ಬೇರೆ ಬೇಕು, ಕ್ಯಾಮೆರಾವೂ ಅದಕ್ಕೆ ಹೊಂದಬೇಕು. ಡಿ5, ಡಿ500, ಡಿ850ಕ್ಕೆ ಹೊಂದುತ್ತದೆ. ನನ್ನ ಡಿ750ಕ್ಕೆ ಇಲ್ಲ. ತಗೊಂಡಿದ್ದರೆ ಯಾವುದಕ್ಕೋಸ್ಕರ ಜಾಸ್ತಿ ಕೊಟ್ಟೆನೋ ಅದನ್ನು ಬಿಟ್ಟು ಉಳಿದದ್ದನ್ನು ಬಳಸಬೇಕಾಗುತ್ತಿತ್ತು. ನಿಮ್ಮ ಬಾಡಿ ಯಾವುದು ಅಂತ ನೋಡಿ ಆಮೇಲೆ ಅಂಗಡಿಗೆ ಹೋಗಿ.

ಲಿಥಿಯಂಗೆ ಒಂದು ತೊಂದರೆ ಇದೆ. ಬ್ಯಾಟರಿ ಹಳೆಯದಾದರೆ ಅದೇ ಮಾಡೆಲ್‌ನದ್ದೇ ಬೇಕು, ಕೋಣಂದೂರಿನ ಕಿರಾಣಿ ಅಂಗಡಿಯಲ್ಲಿ ಸಿಗುವುದಿಲ್ಲ. ಪೆನ್ ಸೆಲ್ ಆದರೆ ಸಿಗುತ್ತದೆ. ಅದಕ್ಕೇ ನನ್ನ ಹತ್ತಿರ ಒಂದು ಬ್ಯಾಟರಿ ಜಾಸ್ತಿ ಇರುತ್ತದೆ.

ಕಂಪನಿಯ ದೊಡ್ಡದನ್ನು ಯಾರು ತಗೋಬೇಕು? ಪ್ರೆಸ್‌ನವರು ತಗೊಳ್ಳಲಿ. ಒಂದೇ ಕ್ಯಾಮೆರಾ, ಒಂದೇ ಫ್ಲಾಶ್, ಸ್ಟ್ಯಾಂಡ್ ಇಡಲು ಜಾಗವಿಲ್ಲ, ಲೈಟ್ ಹಿಡಿಯುವ ಹುಡುಗನಿಲ್ಲ. ದೂರ ಕೂಡ ಕ್ಷಣಕ್ಕೊಂದು, ಅಲ್ಲಿ ಟಿಟಿಎಲ್ ಬೇಕೇ ಬೇಕು. ಅವರಿಗೆ ಆ ಫ್ಯಾನ್, ಆ ಗಟ್ಟಿ ಬಾಡಿ ಎಲ್ಲ ಉಪಯೋಗಕ್ಕೆ ಬರುತ್ತದೆ.

ಪ್ರೀ-ವೆಡ್ಡಿಂಗ್ ಜಾಸ್ತಿ ಮಾಡುವವರಿಗೆ ಎರಡೂ ಬೇಡ ಅನ್ನುತ್ತೇನೆ. ತುಂಗಾ ದಡದಲ್ಲಿ ಮಧ್ಯಾಹ್ನ ನಾಲ್ಕಕ್ಕೆ ಬಿಸಿಲಿಗೆ ಬೆನ್ನು ಮಾಡಿ ಜೋಡಿಯನ್ನು ನಿಲ್ಲಿಸಿ, ಎಫ್2ಕ್ಕೆ ತೆರೆದರೆ ಶಟರ್ ಸ್ಪೀಡ್ ಸಿಂಕ್ ಮಿತಿ (ಫ್ಲಾಶ್ ಜೊತೆ ಸಾಮಾನ್ಯವಾಗಿ ಬಳಸಬಹುದಾದ ಗರಿಷ್ಠ ವೇಗ) ದಾಟುತ್ತದೆ. ಹೈ ಸ್ಪೀಡ್ ಸಿಂಕ್ ಹಾಕಬೇಕು, ಅದರಲ್ಲಿ ಪವರ್ ಸೋರಿ ಹೋಗುತ್ತದೆ. ಗೊಡಾಕ್ಸ್ ವಿ1 ತರದ ಒಳ್ಳೆಯ ಕ್ಯಾಮೆರಾ ಫ್ಲಾಶಿನಲ್ಲಿ ಇರುವುದೇ 76 ವ್ಯಾಟ್ ಸೆಕೆಂಡ್ ಶಕ್ತಿ. ಅದೇ ಕಂಪನಿಯ, ಸ್ಟ್ಯಾಂಡ್ ಮೇಲೆ ಇಡುವ ಎಡಿ200ರಲ್ಲಿ 200. ಎರಡೂವರೆ ಪಟ್ಟು ಜಾಸ್ತಿ, ಗಾತ್ರ ಇಟ್ಟಿಗೆಗಿಂತ ಚಿಕ್ಕದು, ಅದೇ ಟ್ರಿಗರ್ ಸಾಕು. ಪವರ್‌ಗೆ ದುಡ್ಡು ಹಾಕಲೇಬೇಕು ಅನ್ನಿಸಿದರೆ ಅಲ್ಲಿ ಹಾಕಿ.

ಕೊನೆಗೆ ಸೆಕೆಂಡ್ ಹ್ಯಾಂಡ್. ದೊಡ್ಡ ಫ್ಲಾಶ್ ಕಮ್ಮಿ ರೇಟಿಗೆ ಸಿಕ್ಕಿತು ಅಂತ ಫೋಟೋ ಕಳಿಸುತ್ತೀರಲ್ಲ, ದುಡ್ಡು ಕೊಡುವ ಮುಂಚೆ ಮೂರು ಕೆಲಸ ಮಾಡಿ. ಹೆಡ್‌ನ ಮುಂದಿನ ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿದೆಯಾ ನೋಡಿ. ತಿರುಗಿದ್ದರೆ ಅದು ತುಂಬಾ ಬಿಸಿ ತಿಂದಿದೆ. ಕ್ಯಾಮೆರಾ ಮೇಲೆ ಹಾಕಿ, ಫ್ಲಾಶ್ ಕೂರುವ ಕಾಲು ಅಲುಗುತ್ತದೆಯಾ ನೋಡಿ. ಆಮೇಲೆ ನಿಮ್ಮದೇ ಸೆಲ್ ಹಾಕಿ, ಮಾರುವವರ ಎದುರಿಗೇ ಫುಲ್ ಪವರ್‌ನಲ್ಲಿ ಹತ್ತು ಸಲ ಹೊಡೆದು ಎಲ್ಲದರಲ್ಲೂ ಒಂದೇ ಬೆಳಕು ಬಂದಿದೆಯಾ ಅಂತ ಸ್ಕ್ರೀನಿನಲ್ಲಿ ನೋಡಿ. ಅವರು "ಅಷ್ಟೆಲ್ಲ ಹೊಡೀಬೇಡಿ" ಅಂದರೆ ತಗೋಬೇಡಿ.