ಕೆಳಮನೆ ಅಜ್ಜಿಗೆ ಒಯ್ದ ವರದಿ

ಆಫೀಸಿನ ಪ್ರಿಂಟರಿನಲ್ಲಿ ಕದ್ದು ಮಾಡಿದ ಕೆಲಸವನ್ನು ಈಗ ಒಪ್ಪಿಕೊಂಡರೆ ಯಾರೂ ಏನೂ ಮಾಡಲಾರರು ಅಂದುಕೊಂಡಿದ್ದೇನೆ. 2006ರ ಡಿಸೆಂಬರ್ 6, ಬುಧವಾರ. ಎಲ್ಲರೂ ಊಟಕ್ಕೆ ಹೋದ ಹೊತ್ತು ನೋಡಿ ನೂರಕ್ಕೂ ಜಾಸ್ತಿ ಪುಟ ಪ್ರಿಂಟ್ ಕೊಟ್ಟೆ. ಅರ್ಧಕ್ಕೆ ಹಾಳೆ ಖಾಲಿಯಾಗಿ ಅದು ಕೀಂ ಕೀಂ ಅನ್ನತೊಡಗಿತು. ಹೊಸ ಕಟ್ಟು ಬಿಚ್ಚುವಷ್ಟರಲ್ಲಿ ಮ್ಯಾನೇಜರ್ ಬೆನ್ನ ಹಿಂದೆ. ಮೇಲಿನ ಹಾಳೆ ಎತ್ತಿ ನೋಡಿದರು. ‘ಓ, ಇದಾ? ನನಗೂ ಒಂದು ತೆಗೆದುಬಿಡು’ ಅಂದು ಹೋದರು.

ಅದು ಇರಾಕ್ ಸ್ಟಡಿ ಗ್ರೂಪ್ ಕೊಟ್ಟ ವರದಿ. ಇರಾಕ್ ಯುದ್ಧದಲ್ಲಿ ಅಮೆರಿಕ ಮುಂದೇನು ಮಾಡಬೇಕು ಅಂತ ಸಲಹೆ ಕೊಡಲು ಕಟ್ಟಿದ್ದ ತಂಡ ಅದು. ಅವತ್ತು ಬೆಳಿಗ್ಗೆ ತಾನೇ ಅಧ್ಯಕ್ಷ ಬುಷ್ ಕೈಗೆ ಹೋಗಿತ್ತು. ನಾನಾಗ ವರ್ಜೀನಿಯಾದ ಆರ್ಲಿಂಗ್ಟನ್ನಿನಲ್ಲಿದ್ದೆ. ನದಿ ದಾಟಿದರೆ ವಾಷಿಂಗ್ಟನ್. ಊರಿಡೀ ಅದೇ ಮಾತು.

ನನಗೇನೂ ಅದನ್ನು ಓದುವ ಹುಚ್ಚು ಇರಲಿಲ್ಲ. ಬೇಕಾಗಿದ್ದದ್ದು ಕೆಳಮನೆ ಅಜ್ಜಿಗೆ. ಆಕೆಯ ಮೊಮ್ಮಗ ಇರಾಕಿನಲ್ಲಿ ಸೈನಿಕ. ಮನೆಯಲ್ಲಿ ಕಂಪ್ಯೂಟರ್ ಇಲ್ಲ. ಹಿಂದಿನ ದಿನ ಮೆಟ್ಟಿಲ ಮೇಲೆ ಸಿಕ್ಕಾಗ ಕೇಳಿದ್ದರು, ಟೀವಿಯವರು ಹೇಳುವುದು ಬೇಡ, ನನಗೆ ಪೂರ್ತಿ ತಂದುಕೊಡು ಅಂತ.

ಸಂಜೆ ಮೆಟ್ರೋದಲ್ಲಿ ಸುಮ್ನೆ ಮೊದಲ ಪುಟ ತೆಗೆದೆ. ಇರಾಕಿನ ಸ್ಥಿತಿ ಗಂಭೀರವಾಗಿದೆ, ದಿನೇ ದಿನೇ ಕೆಡುತ್ತಿದೆ ಎಂದೇ ವರದಿ ಶುರು. ನಾನು ಇಳಿಯಬೇಕಾದ ಸ್ಟೇಷನ್ ದಾಟಿಹೋಯಿತು.

ಬರೆದವರು ಹತ್ತು ಜನ. ಐದು ರಿಪಬ್ಲಿಕನ್, ಐದು ಡೆಮಾಕ್ರಟ್. ಆ ವರ್ಷದ ಮಾರ್ಚ್‌ನಲ್ಲಿ ಸಂಸತ್ತಿನ ಒತ್ತಾಯದ ಮೇಲೆ ಈ ತಂಡ ಕಟ್ಟಿದ್ದರು. ಮುಂದೆ ನಿಂತವರು ನಮ್ಮ ವರ್ಜೀನಿಯಾದ ಸಂಸದ ಫ್ರಾಂಕ್ ವುಲ್ಫ್. ತಂಡಕ್ಕೆ ಇಬ್ಬರು ಮುಖ್ಯಸ್ಥರು. ಒಂದು ಕಡೆ ಅಪ್ಪ ಬುಷ್ ಕಾಲದ ವಿದೇಶಾಂಗ ಮಂತ್ರಿ ಜೇಮ್ಸ್ ಬೇಕರ್, ಇನ್ನೊಂದು ಕಡೆ ಇಂಡಿಯಾನಾದ ಹಳೆಯ ಡೆಮಾಕ್ರಟ್ ಸಂಸದ ಲೀ ಹ್ಯಾಮಿಲ್ಟನ್. ಸುಪ್ರೀಂ ಕೋರ್ಟಿನಿಂದ ನಿವೃತ್ತರಾದ ಸ್ಯಾಂಡ್ರಾ ಡೇ ಓಕಾನರ್ ಕೂಡ ಇದ್ದರು. ಕೆಳಗೆ ತಜ್ಞರ ನಾಲ್ಕು ತಂಡಗಳು. ಬಾಗ್ದಾದಿಗೂ ಹೋಗಿ ಬಂದಿದ್ದರು. ಒಟ್ಟು 79 ಸಲಹೆ. ಅಷ್ಟಕ್ಕೂ ಹತ್ತೂ ಜನರ ಒಪ್ಪಿಗೆ. ಎರಡು ಪಕ್ಷದವರು ಒಂದು ಮೇಜಿಗೆ ಕೂತು ಎದ್ದು ಹೋಗದೇ ಉಳಿದದ್ದೇ ನನಗೆ ಸೋಜಿಗ.

ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಸಲಹೆಗಳಲ್ಲ, ಲೆಕ್ಕಗಳು. ಜುಲೈ ತಿಂಗಳ ಒಂದು ದಿನ ಇರಾಕಿನಲ್ಲಿ 93 ದಾಳಿ ಆದವು ಅಂತ ಸರ್ಕಾರಿ ಲೆಕ್ಕ. ಅದೇ ದಿನದ ಕಾಗದ ಪತ್ರ ತೆಗೆದು ಸರಿಯಾಗಿ ಎಣಿಸಿದರೆ 1,100. ಲೆಕ್ಕ ಇಡುವ ಕ್ರಮವೇ ಹಾಗಿತ್ತಂತೆ. ರಸ್ತೆ ಬದಿ ಬಾಂಬ್ ಸಿಡಿದರೂ ಅಮೆರಿಕದವರಿಗೆ ಪೆಟ್ಟಾಗದಿದ್ದರೆ ಅದು ದಾಳಿ ಅಲ್ಲ. ಇನ್ನೊಂದು: ಬಾಗ್ದಾದಿನ ರಾಯಭಾರ ಕಚೇರಿಯಲ್ಲಿ 1,000 ಜನ. ಅರಬ್ಬಿ ಬಲ್ಲವರು 33. ಸರಾಗವಾಗಿ ಮಾತಾಡಬಲ್ಲವರು 6. ಇದನ್ನು ವಿರೋಧ ಪಕ್ಷದವರು ಹೇಳಿದ್ದರೆ ಚುನಾವಣೆ ಭಾಷಣ ಅನ್ನಬಹುದಿತ್ತು. ಬೇಕರ್ ಸಹಿ ಇರುವಾಗ ಹಾಗನ್ನುವುದು ಕಷ್ಟ, ಅಲ್ವಾ?

ಅಜ್ಜಿ ಬಾಗಿಲಲ್ಲೇ ಕನ್ನಡಕ ಏರಿಸಿ ಹುಡುಕಿದ್ದು ಒಂದೇ, ತಾರೀಖು. ಸಿಕ್ಕಿತು. ನೆಲದ ಪರಿಸ್ಥಿತಿ ತೀರಾ ತಿರುಗಿಬೀಳದಿದ್ದರೆ, ಕಾವಲಿಗೆ ಬೇಡದ ಕಾಳಗದ ತುಕಡಿಗಳೆಲ್ಲ 2008ರ ಮೊದಲ ಮೂರು ತಿಂಗಳೊಳಗೆ ಹೊರಬರಬಹುದು. ಪೆನ್ಸಿಲಿನಲ್ಲಿ ಗೆರೆ ಎಳೆದರು. ‘ಬರಬಹುದು’ ಅನ್ನುವುದರ ಕೆಳಗೆ ಎರಡು ಗೆರೆ.

ಅವತ್ತು ರಾತ್ರಿ ಬೆಳಗಾವಿಗೆ ಫೋನ್ ಮಾಡಿದಾಗ ಅಪ್ಪ ನಕ್ಕರು. ‘ಕಮಿಟಿ ವರದಿ ಓದಾಕ ಕುಂತೀಯೇನೋ ತಮ್ಮಾ? ಮಹಾಜನ ವರದಿ ಬಂದು ನಲವತ್ತು ವರ್ಷ ಆಗಾಕ ಬಂತು. ಇನ್ನೂ ಜಗಳ ನಡದೈತಿ.’ ಅಪ್ಪ ಕಂದಾಯ ಇಲಾಖೆಯಲ್ಲಿದ್ದವರು. 1967ರ ಆ ವರದಿ ಅವರಿಗೆ ಮನೆ ಮಾತು. ಎದುರು ಹೇಳಲು ನನ್ನ ಹತ್ತಿರ ಏನೂ ಇರಲಿಲ್ಲ.

ಜನವರಿ 10ರ ರಾತ್ರಿ ಅಪ್ಪನೇ ಗೆದ್ದಂತಾಯಿತು. ಬುಷ್ ಟೀವಿಗೆ ಬಂದು ಇನ್ನೂ 20,000ಕ್ಕೂ ಜಾಸ್ತಿ ಸೈನಿಕರನ್ನು ಕಳಿಸುತ್ತೇವೆ ಅಂದರು. ಸ್ವಲ್ಪ ಕಾಲಕ್ಕೆ ಹಾಗೆ ಕಳಿಸಿದರೆ ನಮ್ಮ ಅಡ್ಡಿಯಿಲ್ಲ ಅಂತ ವರದಿಯ ಒಂದು ಮೂಲೆಯಲ್ಲಿ ಇದ್ದದ್ದು ನಿಜ. ಆದರೆ ಇರಾನ್, ಸಿರಿಯಾ ಜೊತೆ ಕೂತು ಮಾತಾಡಿ ಅನ್ನುವ ದೊಡ್ಡ ಮಾತು ಪಕ್ಕಕ್ಕೆ ಹೋಯಿತು. ಇದನ್ನು ಹಣ್ಣಿನ ಸಲಾಡ್ ಥರ ಬೇಕಾದ್ದನ್ನಷ್ಟೇ ಆರಿಸಿ ತಿನ್ನಬೇಡಿ ಅಂತ ಬೇಕರ್ ಮೊದಲೇ ಎಚ್ಚರಿಸಿದ್ದರು. ಆರಿಸಿಯೇ ತಿಂದರು. ಅಜ್ಜಿ ಮಾರನೇ ದಿನ ಮಾತಾಡಲಿಲ್ಲ. ತಪ್ಪು ನನ್ನದೇ ಅನ್ನುವ ಹಾಗೆ ನಾನೂ ಸದ್ದಿಲ್ಲದೆ ಮೆಟ್ಟಿಲು ಹತ್ತಿದೆ.

ಕತೆ ಅಲ್ಲಿಗೇ ಮುಗಿದಿದ್ದರೆ ಬರೆಯುತ್ತಿರಲಿಲ್ಲ. ಆ ತಂಡದಲ್ಲೇ ಕೆಲಸ ಮಾಡಿ, ನವೆಂಬರಿನಲ್ಲಿ ಹೊರಬಂದಿದ್ದ ರಾಬರ್ಟ್ ಗೇಟ್ಸ್ ರಕ್ಷಣಾ ಮಂತ್ರಿಯಾಗಿದ್ದರು. ತಮಾಷೆ ನೋಡಿ, ಸೆನೆಟ್ ಅವರನ್ನು ಒಪ್ಪಿದ್ದೂ ವರದಿ ಬಂದ ದಿನವೇ. ಮೇ ತಿಂಗಳಲ್ಲಿ ವಿದೇಶಾಂಗ ಮಂತ್ರಿ ಕಾಂಡೊಲೀಸಾ ರೈಸ್ ಈಜಿಪ್ಟಿನಲ್ಲಿ ಸಿರಿಯಾದ ಮಂತ್ರಿಯನ್ನು ಕಂಡರು. ಅದೇ ತಿಂಗಳ 28ಕ್ಕೆ ಬಾಗ್ದಾದಿನಲ್ಲಿ ಅಮೆರಿಕ, ಇರಾನ್ ರಾಯಭಾರಿಗಳು ಎದುರುಬದುರು ಕೂತರು. ವರದಿ ಓದಿಯೇ ಹೀಗೆ ಮಾಡಿದೆವು ಅಂತ ಯಾರೂ ಹೇಳಲಿಲ್ಲ. ಹೇಳುವುದೂ ಇಲ್ಲ ಬಿಡಿ. ಅಜ್ಜಿ ಮಾತ್ರ ಆ ಸುದ್ದಿ ಬಂದ ಪೇಪರ್ ಹಿಡಿದು ಮೇಲೆ ಬಂದರು. ವರದಿಯ ಸರಿಯಾದ ಪುಟವನ್ನೂ ಮಡಚಿ ತಂದಿದ್ದರು.

ಆ ಬೇಸಿಗೆಯಲ್ಲಿ ನನ್ನ ಪ್ರಾಜೆಕ್ಟ್ ಮುಗಿಯಿತು. ಹೊರಡುವ ದಿನ ಅಜ್ಜಿ ಕಟ್ಟನ್ನು ವಾಪಸ್ ಕೊಟ್ಟರು. ಮೊಮ್ಮಗ ಜೂನಿನಲ್ಲಿ ಮನೆಗೆ ಬಂದಿದ್ದ. ವರದಿಯಿಂದಲ್ಲ, ಅವನ ಸರದಿ ಮುಗಿದಿತ್ತು ಅಷ್ಟೇ.

ಬೆಳಗಾವಿಯಲ್ಲಿ ಅಪ್ಪ ಅದನ್ನು ತೂಗಿ ನೋಡಿದರು, ರದ್ದಿಗೆ ಹಾಕುವವರ ಹಾಗೆ. ಆಮೇಲೆ ಪುಟ ತಿರುವುತ್ತಾ 33, 6ರ ಹತ್ತಿರ ನಿಂತರು. ಓದಿ ಅರ್ಥ ಹೇಳು ಅಂದರು. ಹೇಳಿದೆ. ಗಡಿ ತಾಲ್ಲೂಕಿನ ಹಳ್ಳಿಯೊಂದಕ್ಕೆ ಮರಾಠಿ ಒಂದಕ್ಷರ ಬಾರದ ಸಾಹೇಬರೊಬ್ಬರು ಬಂದಿದ್ದರಂತೆ. ಅರ್ಜಿ ಹಿಡಿದು ಬಂದ ಮುದುಕಿ ಏನು ಹೇಳುತ್ತಾಳೆ ಅಂತ ಅಪ್ಪನೇ ಪಕ್ಕದಲ್ಲಿ ನಿಂತು ಬಿಡಿಸಿ ಹೇಳಬೇಕಿತ್ತು. ‘ನನಗ ಬೇಕಾದಂಗ ಹೇಳಿದ್ರೂ ಅವರಿಗೆ ಗೊತ್ತಾಗ್ತಿದ್ದಿಲ್ಲ’ ಅಂದರು. ಸ್ವಲ್ಪ ಹೊತ್ತು ಬಿಟ್ಟು, ‘ಇದನ್ನ ಅವರs ಬರದಾರ? ಅವರ ಮಂದೀನs?’ ಅಂತ ಕೇಳಿದರು.

ಹೂಂ ಅಂದೆ. ಆ ಒಂದು ಹಾಳೆ ಕಿತ್ತು ತಮ್ಮ ಟ್ರಂಕಿಗೆ ಹಾಕಿಕೊಂಡರು. ಉಳಿದದ್ದು ನನ್ನ ಹತ್ತಿರವೇ ಇದೆ.